ಕಾರಣ ಕೇಳುವ ಓದು

ಕರ್ನಾಟಕದಲ್ಲಿ ಪಠ್ಯಪುಸ್ತಕದ ಜಗಳಕ್ಕೆ ಬಿಡುವೇ ಇಲ್ಲ. ಬರಗೂರು ರಾಮಚಂದ್ರಪ್ಪ ನೇತೃತ್ವದ ಸಮಿತಿ ಪರಿಷ್ಕರಿಸಿದ್ದ ಪುಸ್ತಕಗಳಿಗೆ ರೋಹಿತ್ ಚಕ್ರತೀರ್ಥ ನೇತೃತ್ವದ ಸಮಿತಿ ಮತ್ತೆ ಕೈಹಾಕಿತು. 2022ರಲ್ಲಿ ಅದು ದೊಡ್ಡ ವಿವಾದವಾಗಿ, ಸಾಹಿತಿ ದೇವನೂರ ಮಹಾದೇವ ಅವರು ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂತೆಗೆದುಕೊಂಡರು. 2023ರಲ್ಲಿ ಸರ್ಕಾರ ಬದಲಾಯಿತು. ಕೆಲವು ಪಾಠ ಹೋದವು, ಕೆಲವು ಬಂದವು. ಯಾರ ಪಾಠ ಇರಬೇಕು, ಯಾರದು ಬೇಡ ಎಂಬ ಬಗ್ಗೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರೆದದ್ದಾಯಿತು, ಬೀದಿಗಿಳಿದು ಕೂಗಿದ್ದೂ ಆಯಿತು. ಆದರೆ ಪ್ರತಿ ಪಾಠದ ಕೆಳಗೂ ಒಂದು ಅಭ್ಯಾಸದ ಪುಟ ಇರುತ್ತದೆ. ಆ ಪುಟದ ಬಗ್ಗೆ ಮಾತ್ರ ಇಂಥ ಚರ್ಚೆ ನಡೆದದ್ದು ಕಾಣುವುದಿಲ್ಲ.

ಆ ಪುಟದಲ್ಲಿ ಏನಿರುತ್ತದೆ ಎಂಬುದು ಕನ್ನಡ ಶಾಲೆಯಲ್ಲಿ ಕಲಿತ ಎಲ್ಲರಿಗೂ ಗೊತ್ತು. ‘ಒಂದು ವಾಕ್ಯದಲ್ಲಿ ಉತ್ತರಿಸಿ.’ ‘ಬಿಟ್ಟ ಸ್ಥಳ ತುಂಬಿ.’ ‘ಹೊಂದಿಸಿ ಬರೆಯಿರಿ.’ ಮಗು ಪ್ರಶ್ನೆಯಲ್ಲಿರುವ ಒಂದು ಪದ ಹಿಡಿದು ಪಾಠದಲ್ಲಿ ಹುಡುಕುತ್ತದೆ, ಆ ಪದ ಇರುವ ವಾಕ್ಯ ಸಿಕ್ಕರೆ ಅದನ್ನೇ ಇಳಿಸಿಕೊಳ್ಳುತ್ತದೆ. ಅಷ್ಟಕ್ಕೂ ಪುರುಸೊತ್ತಿಲ್ಲದವರಿಗೆ ಅಂಗಡಿಯಲ್ಲಿ ಗೈಡು ಇದೆ. ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ‘ಕಾರಣ ಕೊಡಿ’ ಎಂಬ ಪ್ರಶ್ನೆಯೂ ಉಂಟು. ಕೇಳಲು ಅದು ಯೋಚನೆಗೆ ಹಚ್ಚುವ ಪ್ರಶ್ನೆಯಂತೆಯೇ ಇದೆ. ಆದರೆ ಅದು ಬಯಸುವುದು ಪಾಠದಲ್ಲಿ ಮೊದಲೇ ಕೊಟ್ಟಿರುವ ಕಾರಣವನ್ನು. ಆ ಕಾರಣ ಸಾಕೇ, ಅದಕ್ಕೆ ಆಧಾರ ಏನು, ಬೇರೆ ಕಾರಣವೂ ಇರಬಹುದೇ ಎಂದು ಅದು ಕೇಳುವುದಿಲ್ಲ. ಹತ್ತು ವರ್ಷ ಶಾಲೆಗೆ ಹೋದ ಮಗು ಸಾವಿರಾರು ಕಾರಣಗಳನ್ನು ಉರುಹೊಡೆದಿರುತ್ತದೆ. ಒಂದನ್ನೂ ತೂಗಿ ನೋಡಿರುವುದಿಲ್ಲ.

ಕಥೆ, ಕವಿತೆಗಳ ಮಾತು ಬೇರೆ. ಇಲ್ಲಿ ಹೇಳುತ್ತಿರುವುದು ಮಾಹಿತಿ ಕೊಡುವ ಬರಹಗಳ ಬಗ್ಗೆ: ಮಳೆಯ ಮೇಲಿನ ಪಾಠ, ಪತ್ರಿಕೆಯ ವರದಿ, ಆರೋಗ್ಯದ ಅಂಕಣ, ಡಬ್ಬಿಯ ಮೇಲಿನ ಚೀಟಿ, ಮೊಬೈಲಿಗೆ ಬರುವ ಸಂದೇಶ. ಶಾಲೆ ಮುಗಿಸಿದವರು ಬದುಕಿನುದ್ದಕ್ಕೂ ಓದುವುದು ಹೆಚ್ಚಾಗಿ ಇಂಥವನ್ನೇ. ಇವನ್ನು ಓದಿ ‘ಏನು ಹೇಳಿದ್ದಾರೆ’ ಎಂದು ತಿಳಿಯುವುದು ಅರ್ಧ ಓದು ಮಾತ್ರ. ‘ಹಾಗೆ ಹೇಳಲು ಏನು ಆಧಾರ ಕೊಟ್ಟಿದ್ದಾರೆ, ಆ ಆಧಾರ ಈ ಮಾತನ್ನು ಹೊರುತ್ತದೆಯೇ’ ಎಂದು ನೋಡಿದಾಗಲೇ ಓದು ಪೂರ್ತಿಯಾಗುವುದು. ಈ ಉಳಿದರ್ಧವನ್ನು ಒಂದನೇ ತರಗತಿಯಿಂದಲೇ ಕಲಿಸಬಹುದು, ಕಲಿಸಬೇಕು. ಕಲಿಸಿದರೆ ಮಕ್ಕಳು ಕಲಿಯುತ್ತಾರೆ ಎಂಬುದಕ್ಕೆ ಈಗ ಒಳ್ಳೆಯ ಸಾಕ್ಷ್ಯವೂ ಇದೆ.

ಇಂಥ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ ಒಂದು ನಮೂನೆ ನೋಡಬಹುದು. ಹದಿನೈದು ವರ್ಷದ ಮಕ್ಕಳಿಗಾಗಿ ಹಲವು ದೇಶಗಳಲ್ಲಿ ನಡೆಯುವ ಪಿಸಾ ಪರೀಕ್ಷೆಯಲ್ಲಿ 2018ರಲ್ಲಿ ರಾಪಾ ನುಯಿ ದ್ವೀಪದ ಮೇಲೆ ಒಂದು ಪ್ರಶ್ನೆಗುಚ್ಛ ಇತ್ತು. ಪೆಸಿಫಿಕ್ ಸಾಗರದ ನಡುವಿನ ಈ ದ್ವೀಪ ದೈತ್ಯ ಕಲ್ಲಿನ ಪ್ರತಿಮೆಗಳಿಗೆ ಹೆಸರಾದದ್ದು. ಒಂದು ಕಾಲಕ್ಕೆ ಅಲ್ಲಿ ದೊಡ್ಡ ಮರಗಳ ಕಾಡಿತ್ತು, ಆಮೇಲೆ ಅದು ಕಾಣೆಯಾಯಿತು. ಮಕ್ಕಳಿಗೆ ಮೂರು ಬರಹ ಕೊಟ್ಟಿದ್ದರು. ಮೊದಲನೆಯದು ದ್ವೀಪದಲ್ಲಿ ಕೆಲಸ ಮಾಡುವ ಪ್ರಾಧ್ಯಾಪಕರೊಬ್ಬರ ಟಿಪ್ಪಣಿ. ಎರಡನೆಯದು ಜೇರೆಡ್ ಡೈಮಂಡ್ ಅವರ ಪುಸ್ತಕದ ವಿಮರ್ಶೆ. ಜನ ಬೇಸಾಯಕ್ಕೆ, ಪ್ರತಿಮೆ ಸಾಗಿಸುವುದಕ್ಕೆ ಮರ ಕಡಿದದ್ದೇ ಕಾಡಿನ ನಾಶಕ್ಕೆ ಕಾರಣ ಎಂಬುದು ಅಲ್ಲಿನ ವಾದ. ಮೂರನೆಯದು ವಿಜ್ಞಾನ ವರದಿ. ಜನರ ಜೊತೆ ದೋಣಿಯಲ್ಲಿ ಬಂದ ಇಲಿಗಳು ಮರದ ಬೀಜಗಳನ್ನು ತಿಂದುದರಿಂದ ಹೊಸ ಮರ ಹುಟ್ಟಲಿಲ್ಲ ಎಂದು ಅದು ಹೇಳುತ್ತದೆ. ಕೊನೆಯ ಪ್ರಶ್ನೆ: ಮರಗಳು ಕಾಣೆಯಾಗಲು ಕಾರಣವೇನೆಂದು ನಿಮಗೆ ಅನ್ನಿಸುತ್ತದೆ? ಬರಹಗಳಿಂದಲೇ ಆಧಾರ ಕೊಡಿ.

ಇದಕ್ಕೆ ಒಂದೇ ಸರಿಯುತ್ತರ ಇರಲಿಲ್ಲ. ಮನುಷ್ಯರು ಎಂದರೂ ಅಂಕ, ಇಲಿಗಳು ಎಂದರೂ ಅಂಕ. ಎರಡೂ ಸೇರಿ ಎಂದರೂ, ಇನ್ನಷ್ಟು ಸಂಶೋಧನೆ ಆಗಬೇಕು ಎಂದರೂ ಅಂಕ ಇತ್ತು. ಉತ್ತರದ ಬೆನ್ನಿಗೆ ಬರಹದಿಂದ ತೆಗೆದ ಆಧಾರ ಇರಬೇಕು ಎಂಬುದೊಂದೇ ಷರತ್ತು. ಇಲ್ಲಿ ಗೈಡು ಕೆಲಸಕ್ಕೆ ಬರುವುದಿಲ್ಲ.

ಸಿರಿವಂತ ದೇಶಗಳ ಮಕ್ಕಳೂ ಇದರಲ್ಲಿ ಪಳಗಿಲ್ಲ. ಯಾವುದು ಸಂಗತಿ, ಯಾವುದು ಅಭಿಪ್ರಾಯ ಎಂದು ಬರಹದ ಸೂಕ್ಷ್ಮ ಸುಳಿವುಗಳಿಂದಲೇ ಬೇರ್ಪಡಿಸಬಲ್ಲವರು ಹೆಚ್ಚಾಗಿ ಸಿರಿವಂತ ದೇಶಗಳೇ ಇರುವ ಒಇಸಿಡಿ ಕೂಟದಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ ಎಂದು ಅದೇ ಪರೀಕ್ಷೆ ತೋರಿಸಿತು. ಭಾರತದ ಪರವಾಗಿ 2009ರ ಸುತ್ತಿನಲ್ಲಿ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಭಾಗವಹಿಸಿ ಪಟ್ಟಿಯ ತಳದಲ್ಲಿ ಉಳಿದವು. 2018ರ ಪರೀಕ್ಷೆಯಲ್ಲಿ ಭಾರತ ಭಾಗವಹಿಸಲಿಲ್ಲ.

ರಾಪಾ ನುಯಿಯಂಥ ಪ್ರಶ್ನೆ ಕೇಳಲು ಕನ್ನಡದ ಮಕ್ಕಳನ್ನು ಪೆಸಿಫಿಕ್ ಸಾಗರಕ್ಕೆ ಕಳಿಸಬೇಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೀಲಗಿರಿ ತೋಪುಗಳಿವೆ. ಅಂತರ್ಜಲ ಪಾತಾಳಕ್ಕೆ ಇಳಿಯಲು ನೀಲಗಿರಿಯೇ ಕಾರಣ ಎಂಬ ಮಾತು ಊರೂರಲ್ಲಿ ಇದೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಏಳನೇ ತರಗತಿಯ ಪುಸ್ತಕದಲ್ಲಿ ಒಂದು ಪುಟ್ಟ ಬರಹ ಇದೆ ಎಂದುಕೊಳ್ಳೋಣ: ‘ಊರಿನ ಸುತ್ತ ನೀಲಗಿರಿ ಬೆಳೆದ ಮೇಲೆ ಬಾವಿಗಳು ಬತ್ತಿದವು. ಆದ್ದರಿಂದ ನೀಲಗಿರಿಯೇ ಬಾವಿ ಬತ್ತಿಸಿತು.’ ರೂಢಿಯ ಪ್ರಶ್ನೆ, ‘ಬಾವಿಗಳು ಬತ್ತಲು ಕಾರಣವೇನು?’ ಉತ್ತರ, ‘ನೀಲಗಿರಿ.’ ಒಂದು ಅಂಕ, ಮುಂದಿನ ಪ್ರಶ್ನೆ.

ಇದೇ ಎರಡು ವಾಕ್ಯದ ಮೇಲೆ ಬೇರೆ ಪ್ರಶ್ನೆ ಕೇಳಬಹುದು. ನೀಲಗಿರಿ ಬೆಳೆದ ಅದೇ ವರ್ಷಗಳಲ್ಲಿ ಊರಿನಲ್ಲಿ ಎಷ್ಟು ಬೋರ್‌ವೆಲ್ ಕೊರೆಸಿದರು? ಆ ವರ್ಷಗಳಲ್ಲಿ ಮಳೆ ಎಷ್ಟು ಬಂತು? ನೀಲಗಿರಿ ತೋಪೇ ಇಲ್ಲದ ಪಕ್ಕದ ಊರಿನಲ್ಲಿ ಬಾವಿಗಳು ಉಳಿದಿವೆಯೇ? ಮೊದಲು ಒಂದು, ಆಮೇಲೆ ಇನ್ನೊಂದು ನಡೆದರೆ ಮೊದಲಿನದೇ ಎರಡನೆಯದಕ್ಕೆ ಕಾರಣ ಎನ್ನಬಹುದೇ? ಇಷ್ಟನ್ನು ಕೇಳಿದ ಮೇಲೆ ಮಗು ನೀಲಗಿರಿಯ ಪರ ವಕಾಲತ್ತು ವಹಿಸಬೇಕೆಂದಿಲ್ಲ. ನೀಲಗಿರಿ ನಿಜಕ್ಕೂ ತುಂಬ ನೀರು ಹೀರುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕರೆ ಒಪ್ಪಬಹುದು. ಆದರೆ ಆ ಎರಡು ವಾಕ್ಯಗಳಲ್ಲಿ ಅಂಥ ಆಧಾರ ಇಲ್ಲ ಎಂಬುದು ಅದಕ್ಕೆ ಕಾಣಬೇಕು. ಮಾತು ನಿಜವಿದ್ದೂ ಕೊಟ್ಟ ಕಾರಣ ಸಾಲದೆ ಹೋಗಬಹುದು. ದೊಡ್ಡವರಲ್ಲೂ ಬಹಳ ಜನ ಎಡವುವ ಸೂಕ್ಷ್ಮ ಇದು.

ಇನ್ನೊಂದು ಬಗೆಯ ಬರಹದಲ್ಲಿ ಆಧಾರ ಅಸಲಿ, ಅದರಿಂದ ಎಳೆದ ತೀರ್ಮಾನ ಮಾತ್ರ ತಪ್ಪು. ಪ್ರತಿ ದೀಪಾವಳಿಗೆ ಒಂದು ಚಿತ್ರ ಹರಿದಾಡುತ್ತದೆ: ಬಣ್ಣಬಣ್ಣದ ಬೆಳಕಿನಲ್ಲಿ ಮಿಂಚುವ ಭಾರತದ ನಕ್ಷೆ, ಕೆಳಗೆ ‘ದೀಪಾವಳಿಯ ರಾತ್ರಿ ನಾಸಾ ತೆಗೆದ ಫೋಟೊ’ ಎಂಬ ಬರಹ. ಚಿತ್ರ ಯಾರೋ ಕಿಡಿಗೇಡಿ ಕಂಪ್ಯೂಟರಿನಲ್ಲಿ ಗೀಚಿದ್ದಲ್ಲ. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯ ವಿಜ್ಞಾನಿಯೊಬ್ಬರು ಉಪಗ್ರಹದ ಮಾಹಿತಿಯಿಂದ ಅದನ್ನು ತಯಾರಿಸಿದ್ದರು. ವರ್ಷಗಳು ಕಳೆದಂತೆ ಜನಸಂಖ್ಯೆ ಹೇಗೆ ಬೆಳೆಯಿತು ಎಂದು ಊರುಗಳ ದೀಪದ ಮೂಲಕ ತೋರಿಸುವುದು ಅವರ ಉದ್ದೇಶ. 1992ಕ್ಕೆ ಮೊದಲೇ ಇದ್ದ ಬೆಳಕಿಗೆ ಬಿಳಿ, 1992ರಲ್ಲಿ ಕಂಡದ್ದಕ್ಕೆ ನೀಲಿ, 1998ರದಕ್ಕೆ ಹಸಿರು, 2003ರದಕ್ಕೆ ಕೆಂಪು ಬಣ್ಣ ಕೊಟ್ಟಿದ್ದರು. ದೀಪಾವಳಿಯ ಹೆಚ್ಚುವರಿ ಬೆಳಕು ಬಾಹ್ಯಾಕಾಶದಿಂದ ಗುರುತಿಸಲಾಗದಷ್ಟು ಕಡಿಮೆ ಎಂದು ನಾಸಾ 2012ರಲ್ಲೇ ಸ್ಪಷ್ಟಪಡಿಸಿತು.

ಈ ಚಿತ್ರವನ್ನು ಆರನೇ ತರಗತಿಯ ಮುಂದಿಟ್ಟು ‘ಇದು ಸುಳ್ಳು’ ಎಂದು ಹೇಳಿಬಿಟ್ಟರೆ ಮಕ್ಕಳು ಕಲಿತದ್ದು ಇನ್ನೊಂದು ಬಾಯಿಪಾಠವಷ್ಟೇ. ಅದರ ಬದಲು ಚಿತ್ರವನ್ನೂ ಕೆಳಗಿನ ಬರಹವನ್ನೂ ಒಟ್ಟಿಗೆ ಕೊಟ್ಟು, ಬರಹ ಹೇಳುವುದನ್ನು ಚಿತ್ರ ಸಾಬೀತು ಮಾಡುತ್ತದೆಯೇ ಎಂದು ಕೇಳಬೇಕು. ಒಂದೇ ರಾತ್ರಿಯ ಫೋಟೊ ಆದರೆ ಊರೂರಿಗೆ ಬೇರೆ ಬೇರೆ ಬಣ್ಣ ಏಕೆ? ಮನೆ ಮುಂದಿನ ಹಣತೆ ಹಸಿರಾಗಿ ಉರಿಯುತ್ತದೆಯೇ? ಯಾವ ತಾರೀಖಿನ ಚಿತ್ರ ಎಂದು ಎಲ್ಲಾದರೂ ಬರೆದಿದೆಯೇ? ಇಂಥ ಪ್ರಶ್ನೆಗೆ ಉಪಗ್ರಹ ವಿಜ್ಞಾನ ಓದಿರಬೇಕಿಲ್ಲ. ಕಣ್ಣಿಗೆ ಕಂಡದ್ದನ್ನೇ ಮತ್ತೊಮ್ಮೆ ನೋಡುವ ತಾಳ್ಮೆ ಇದ್ದರೆ ಸಾಕು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಕನ್ನಡದ ಗಾದೆ ಹೇಳುವುದೂ ಇದನ್ನೇ.

ದೀಪಾವಳಿಯ ಚಿತ್ರದಿಂದ ಯಾರಿಗೂ ಹಾನಿಯಿಲ್ಲ. ಎಲ್ಲ ಸಲವೂ ಹಾಗಾಗುವುದಿಲ್ಲ. 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ ಬೆಂಗಳೂರಿನಲ್ಲೇ ಉದ್ಘಾಟನೆಯಾಯಿತು. ಅದರ ಬೆನ್ನಿಗೇ ಲಸಿಕೆ ಅಪಾಯಕಾರಿ ಎಂಬ ಸಂದೇಶಗಳು ದಕ್ಷಿಣದ ರಾಜ್ಯಗಳಲ್ಲಿ ಹರಡಿ, ಅದೆಷ್ಟೋ ಹೆತ್ತವರು ಹಿಂಜರಿದರು. ಮರುವರ್ಷ ಮಕ್ಕಳ ಕಳ್ಳರ ವದಂತಿ. ಆಗ ಓಡಾಡಿದ ವಿಡಿಯೊಗಳಲ್ಲಿ ಒಂದು, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ್ದು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೊನೆಗೆ ವಾಪಸ್ ತಂದು ಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನೇ ಯಾರೋ ಕತ್ತರಿಸಿ ಹಾಕಿದ್ದರು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರೊಬ್ಬನನ್ನು ಗುಂಪು ಹೊಡೆದು ಕೊಂದಿತು. ಅವನ ಜೊತೆಗಾರರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅವರು ‘ಮಕ್ಕಳ ಕಳ್ಳರು’ ಎಂಬುದಕ್ಕೆ ಸಾಕ್ಷಿಯಾಗಿ ಹೋಯಿತು.

ಭಯ, ಸಿಟ್ಟು ಸೇರಿದ ಗುಂಪನ್ನು ಶಾಲೆಯ ಪಾಠವೊಂದೇ ತಡೆಯುತ್ತಿತ್ತು ಎಂದು ಹೇಳಲಾಗದು. ಅದಕ್ಕೆ ಪೊಲೀಸರು, ಕಾನೂನು ಬೇಕು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಎಂದು ಮಿತಿ ಹೇರಿತು. 2025ರಲ್ಲಿ ಕರ್ನಾಟಕದಲ್ಲೂ ಸುಳ್ಳು ಸುದ್ದಿ ತಡೆಯುವ ಮಸೂದೆಯ ಕರಡು ಚರ್ಚೆಗೆ ಬಂತು. ಇವೆಲ್ಲ ಕೆಲಸ ಮಾಡುವುದು ಸಂದೇಶ ಹೊರಟ ಮೇಲೆ. ಕಳಿಸುವ ಮುನ್ನ ಒಂದು ಗಳಿಗೆ ತಡೆಯುವ ಅಭ್ಯಾಸ ಎಳವೆಯಲ್ಲೇ ಬರಬೇಕು, ಅದನ್ನು ಕೊಡಲು ಸಾಧ್ಯವಿರುವ ದೊಡ್ಡ ಜಾಗ ಶಾಲೆ.

ಕಲಿಸಿದರೆ ಬರುತ್ತದೆಯೇ? ಈ ಪ್ರಶ್ನೆಗೆ ಉತ್ತರ ಉಗಾಂಡದಿಂದ ಬಂದಿದೆ. 2016ರಲ್ಲಿ ಅಲ್ಲಿನ 120 ಪ್ರಾಥಮಿಕ ಶಾಲೆಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಅರ್ಧ ಶಾಲೆಗಳಿಗೆ ಒಂದು ಚಿತ್ರಕಥೆಯ ಪುಸ್ತಕ ಕೊಟ್ಟು, ಒಂದು ಅವಧಿಯಲ್ಲಿ 80 ನಿಮಿಷದ ಒಂಬತ್ತು ಪಾಠ ಮಾಡಿಸಿದರು; ಉಳಿದರ್ಧದಲ್ಲಿ ಎಂದಿನ ಪಾಠ ನಡೆಯಿತು. ಸುಟ್ಟ ಗಾಯಕ್ಕೆ ಸಗಣಿ ಹಚ್ಚಿದರೆ ವಾಸಿಯಾಗುತ್ತದೆ ಎಂಬಂಥ ಮಾತುಗಳು ಆ ಚಿತ್ರಕಥೆಯಲ್ಲಿ ಬರುತ್ತವೆ. ಹಾಗೆ ಹೇಳಲು ಏನು ಆಧಾರ ಎಂದು ಮಕ್ಕಳು ಕೇಳುತ್ತಾ ಹೋಗುತ್ತಾರೆ. ಒಬ್ಬರಿಗೆ ಗುಣವಾಯಿತು ಎಂದರೆ ಸಾಕೇ? ಬಹಳ ಕಾಲದಿಂದ ಬಳಸುತ್ತಿದ್ದಾರೆ ಎಂದರೆ? ಹೊಸದು, ದುಬಾರಿ ಎಂದರೆ? ಹೇಳುವವರು ಅದನ್ನು ಮಾರುವವರೇ ಆಗಿದ್ದರೆ? ಹಚ್ಚಿದವರನ್ನೂ ಹಚ್ಚದವರನ್ನೂ ಸಮನಾಗಿ ಹೋಲಿಸಿ ನೋಡಿದ್ದಾರೆಯೇ?

ಅವಧಿಯ ಕೊನೆಗೆ 10–12 ವರ್ಷದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ 24 ಪ್ರಶ್ನೆಗಳ ಪರೀಕ್ಷೆ ಕೊಟ್ಟರು. ಪಾಠ ಕೇಳಿದ ಶಾಲೆಗಳಲ್ಲಿ 100ಕ್ಕೆ 69 ಮಕ್ಕಳು ತೇರ್ಗಡೆಯಾದರು, ಉಳಿದ ಶಾಲೆಗಳಲ್ಲಿ 27. ಪಾಠ ಮಾಡಿದ ಶಿಕ್ಷಕರ ಅಂಕವೂ ಹೆಚ್ಚಿತ್ತು. ಒಂದು ವರ್ಷ ಕಳೆದು ಮತ್ತೆ ಪರೀಕ್ಷಿಸಿದಾಗಲೂ ವ್ಯತ್ಯಾಸ ಅಳಿದಿರಲಿಲ್ಲ. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು. ಮಕ್ಕಳಿಂದ ಕಿಕ್ಕಿರಿದ, ಸೌಕರ್ಯ ಕಡಿಮೆ ಇರುವ ಸಾಮಾನ್ಯ ಶಾಲೆಗಳಲ್ಲಿ ಆದ ಕೆಲಸ ಇದು. ‘ಅದೆಲ್ಲ ಫಿನ್‌ಲೆಂಡಿನಂಥ ಸಿರಿವಂತ ದೇಶಕ್ಕೆ ಸರಿ, ನಮಗಲ್ಲ’ ಎನ್ನುವವರು ಈ ಅಂಕಿಗಳನ್ನು ನೋಡಬೇಕು.

ಭಾರತದ ಅನುಭವ ಇನ್ನೂ ಒಂದು ಹೆಜ್ಜೆ ಮುಂದಿನ ಪಾಠ ಹೇಳುತ್ತದೆ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಸಂಶೋಧಕಿ ಸುಮಿತ್ರಾ ಬದರೀನಾಥನ್ ಬಿಹಾರದಲ್ಲಿ ಸುಮಾರು 1,200 ವಯಸ್ಕರ ಮೇಲೆ ಒಂದು ಪ್ರಯೋಗ ಮಾಡಿದರು. ಮನೆಗೇ ಹೋಗಿ, ಸುಮಾರು ಒಂದು ಗಂಟೆ ಕೂತು, ಸುಳ್ಳು ಸುದ್ದಿಯನ್ನು ಗುರುತಿಸುವ ವಿಧಾನ ಹೇಳಿಕೊಟ್ಟರು. ಒಟ್ಟಾರೆ ನೋಡಿದರೆ ಪರಿಣಾಮ ಕಾಣಲಿಲ್ಲ. ಆಮೇಲೆ ಅದೇ ಬಿಹಾರದಲ್ಲಿ ಅವರು ಮತ್ತು ಸಹ ಸಂಶೋಧಕರು ಹಾದಿ ಬದಲಿಸಿದರು. 583 ಹಳ್ಳಿಗಳ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ತೆಗೆದುಕೊಂಡು, ಬಿಹಾರ ಸರ್ಕಾರದ ಗ್ರಾಮೀಣ ಜೀವನೋಪಾಯ ಸಂಸ್ಥೆ ‘ಜೀವಿಕಾ’ದ ಗ್ರಂಥಾಲಯಗಳಲ್ಲಿ ವಾರಗಟ್ಟಲೆ ತರಗತಿ ನಡೆಸಿದರು. ಈ ಸಲ ಮಕ್ಕಳು ನಿಜವನ್ನೂ ಸುಳ್ಳನ್ನೂ ಬೇರ್ಪಡಿಸುವುದರಲ್ಲಿ ಸ್ಪಷ್ಟವಾಗಿ ಮೇಲಾದರು. ತಿಂಗಳುಗಳ ನಂತರವೂ ಕಲಿತದ್ದು ಉಳಿದಿತ್ತು, ಮನೆಯಲ್ಲಿ ತಂದೆ ತಾಯಿಗೂ ಅಷ್ಟಿಷ್ಟು ದಾಟಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ತಿಳಿಯುವುದಿಷ್ಟು: ಒಂದು ಗಂಟೆಯ ಉಪನ್ಯಾಸದಿಂದ ಹೆಚ್ಚೇನೂ ಆಗದು. ಎಳೆಯರಿಗೆ, ಮತ್ತೆ ಮತ್ತೆ, ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಬೇಕು. ಶಾಲೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ‘ಜಾಗೃತಿ ದಿನ’ಗಳನ್ನು ಏರ್ಪಡಿಸುವವರು ಇದನ್ನು ಗಮನಿಸಬೇಕು.

ಕಾರಣ ಕೇಳುವ ಓದನ್ನು ಕಲಿಸುವುದಕ್ಕೆ ಮೂರು ಆಕ್ಷೇಪ ಬರುತ್ತವೆ. ಮೂರಕ್ಕೂ ತೂಕ ಇದೆ.

ಮೊದಲನೆಯದು, ‘ಓದಲು ಬರದ ಮಕ್ಕಳಿಗೆ ವಿಮರ್ಶೆ ಎಲ್ಲಿಯದು’ ಎಂಬುದು. ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಐದನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 100ಕ್ಕೆ 45ರಷ್ಟು ಎಂದು ‘ಅಸರ್’ 2024ರ ಸಮೀಕ್ಷೆ ಹೇಳುತ್ತದೆ. ಅಕ್ಷರ ಕೂಡಿಸಲು ಒದ್ದಾಡುವ ಮಗುವಿಗೆ ಮೊದಲು ಓದು ಬರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಾರಣ ಕೇಳಲು ಅಕ್ಷರ ಬರಲೇಬೇಕೆಂದಿಲ್ಲ. ಟೀಚರ್ ಗಟ್ಟಿಯಾಗಿ ಓದಿ, ‘ಇರುವೆ ಸಾಲಾಗಿ ಹೋಗುತ್ತದೆ ಎಂದು ಬರೆದಿದ್ದಾರಲ್ಲ, ಏಕೆ ಅಂತ ಹೇಳಿದ್ದಾರೆ? ನೀವು ಅಂಗಳದಲ್ಲಿ ನೋಡಿದ್ದು ಹಾಗೇ ಇತ್ತೇ?’ ಎಂದು ಕೇಳಿದರೆ ಒಂದನೇ ತರಗತಿಯ ಮಗುವೂ ಬಾಯಿಬಿಡುತ್ತದೆ. ಇದರ ಜೊತೆಗೆ ಇನ್ನೊಂದು ಮಾತನ್ನೂ ಒಪ್ಪಬೇಕು. ವಿಷಯ ಗೊತ್ತಿಲ್ಲದೆ ಆಧಾರ ತೂಗಲಾಗುವುದಿಲ್ಲ. ಅಂತರ್ಜಲ ಎಂದರೇನೆಂದು ತಿಳಿಯದ ಮಗು ನೀಲಗಿರಿಯ ವಾದವನ್ನು ಅಳೆಯಲಾರದು. ಆದ್ದರಿಂದ ‘ಚಿಂತನೆ’ಗೆಂದೇ ಬೇರೊಂದು ಪೀರಿಯಡ್ ಬೇಡ. ವಿಜ್ಞಾನ, ಸಮಾಜ, ಕನ್ನಡ ಪಾಠಗಳ ಒಳಗೇ ಇದು ನಡೆಯಬೇಕು.

ಎರಡನೆಯ ಆಕ್ಷೇಪ ಮನೆಗಳಿಂದ ಬರುತ್ತದೆ: ಹೀಗೆ ಕಲಿಸಿದರೆ ಮಕ್ಕಳು ಹಿರಿಯರಿಗೆ ಎದುರುತ್ತರ ಕೊಡುತ್ತಾರೆ. ಆದರೆ ಕಾರಣ ಕೇಳುವುದು ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿ ಇದೆ ಎನ್ನುವವನು ಹೇತುವನ್ನೂ (ಎಂದರೆ ಕಾರಣವನ್ನೂ) ಉದಾಹರಣೆಯನ್ನೂ ಕೊಡಬೇಕು ಎಂದು ಭಾರತದ ಹಳೆಯ ತರ್ಕಪದ್ಧತಿಯಾದ ನ್ಯಾಯಶಾಸ್ತ್ರ ಕಟ್ಟುಮಾಡಿತ್ತು. ಕಾರಣದ ಹಾಗೆ ತೋರುವ ಹುಸಿ ಕಾರಣಗಳನ್ನೂ ಪಟ್ಟಿ ಮಾಡಿತ್ತು. ನಮ್ಮ ಕಾಲಕ್ಕೆ ಬಂದರೆ, ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿದರು. ಅದೇ ವರ್ಷ ಸಂಸತ್ತು ಒಪ್ಪಿದ 42ನೇ ತಿದ್ದುಪಡಿ, ವೈಜ್ಞಾನಿಕ ಮನೋಭಾವವನ್ನೂ ವಿಚಾರಿಸಿ ನೋಡುವ ಗುಣವನ್ನೂ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಎಂದು ಸಂವಿಧಾನದಲ್ಲಿ ಬರೆಯಿತು. ಸರಳ ಉಡುಗೆಯ ಗಾಂಧಿವಾದಿ ಮೇಷ್ಟ್ರು ನರಸಿಂಹಯ್ಯನವರು ಪ್ರಶ್ನೆ ಕೇಳಿದ್ದರಿಂದ ವಿನಯ ಕಳೆದುಕೊಂಡರು ಎಂದು ಯಾರೂ ಹೇಳಲಾರರು.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಸಂದೇಹ ಕಲಿಸಿದರೆ ಮಕ್ಕಳು ಯಾವುದನ್ನೂ ನಂಬದೆ ಹೋಗಬಹುದು. ಲಸಿಕೆಯ ವಿಷಯದಲ್ಲಿ ನಡೆದದ್ದೂ ಇದೇ ಅಲ್ಲವೇ? ಅಲ್ಲಿ ಜನ ಸಂದೇಹಪಟ್ಟರು, ಆದರೆ ವೈದ್ಯರ ಮಾತನ್ನು ಸಂದೇಹಿಸಿ ಯಾರೋ ಕಳಿಸಿದ ಸಂದೇಶವನ್ನು ನಂಬಿದರು. ಬರೀ ‘ನಂಬಬೇಡ’ ಎಂದು ಕಲಿಸುವುದು ಇದಕ್ಕೇ ಅಪಾಯ. ಆಧಾರವನ್ನು ತೂಗುವುದು ಎಂದರೆ, ಗಟ್ಟಿ ಆಧಾರ ಸಿಕ್ಕಾಗ ತನಗೆ ಹಿಡಿಸದ ಮಾತನ್ನೂ ಒಪ್ಪುವುದು. ಅದಕ್ಕಾಗಿ ತರಗತಿಗೆ ತರುವ ಬರಹಗಳಲ್ಲಿ ಜೊಳ್ಳು ಎಷ್ಟಿರುತ್ತದೋ ಗಟ್ಟಿಯೂ ಅಷ್ಟೇ ಇರಬೇಕು. ಬಿಹಾರದ ಪ್ರಯೋಗದಲ್ಲೂ ಮಕ್ಕಳು ಸುಳ್ಳನ್ನು ತಳ್ಳುತ್ತಾರೆಯೇ ಎಂಬುದರ ಜೊತೆಗೆ ನಿಜವನ್ನು ಒಪ್ಪುತ್ತಾರೆಯೇ ಎಂದೂ ನೋಡಿದ್ದರು.

ನಂಬಿಕೆಗೆ ಅರ್ಹರು ಯಾರು ಎಂದು ಪತ್ತೆಮಾಡುವುದೂ ಈ ಕಲಿಕೆಯ ಭಾಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನರನ್ನು ಕೂರಿಸಿ ಅಂತರ್ಜಾಲದ ಬರಹಗಳನ್ನು ಓದಿಸಿದರು: ಹತ್ತು ಮಂದಿ ಇತಿಹಾಸಕಾರರು, ಹತ್ತು ಮಂದಿ ವೃತ್ತಿಪರ ಸುದ್ದಿ ಪರಿಶೀಲಕರು, 25 ವಿದ್ಯಾರ್ಥಿಗಳು. ಡಾಕ್ಟರೇಟ್ ಪಡೆದವರಲ್ಲೂ ಹಲವರು ಅಂದವಾದ ಪುಟ, ಗಂಭೀರ ಭಾಷೆ, ಉದ್ದನೆಯ ಆಕರ ಪಟ್ಟಿ ನೋಡಿ ಮೋಸಹೋದರು. ಪರಿಶೀಲಕರು ಮಾತ್ರ ಆ ಪುಟದಲ್ಲಿ ನಿಲ್ಲಲಿಲ್ಲ. ಕೂಡಲೇ ಹೊರಬಂದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ಹೆಣ್ಣು ಗಂಡು ನೋಡುವಾಗ ಆ ಮನೆಯವರ ಮಾತು ಬಿಟ್ಟು ಊರಿನಲ್ಲಿ ವಿಚಾರಿಸುವ ಹಳ್ಳಿಯ ಹಿರಿಯರ ಜಾಣತನವೇ ಇದು.

ಅಮೆರಿಕದ ಹೆಚ್ಚಿನ ರಾಜ್ಯಗಳು 2010ರ ನಂತರ ಒಪ್ಪಿಕೊಂಡ ಕಲಿಕೆಯ ಮಾನದಂಡಗಳಲ್ಲಿ ಆಧಾರ ತೂಗುವುದನ್ನು ಹಂತ ಹಂತವಾಗಿ ಕಲಿಸುವ ಒಂದು ಏಣಿಯೇ ಇದೆ. ಒಂದನೇ ತರಗತಿಯ ಮಗು ಲೇಖಕರು ಕೊಟ್ಟ ಕಾರಣಗಳನ್ನು ಗುರುತಿಸಬೇಕು. ಐದನೆಯದರಲ್ಲಿ ಯಾವ ಕಾರಣ ಯಾವ ಮಾತಿಗೆ ಒದಗುತ್ತದೆ ಎಂದು ಹೇಳಬೇಕು. ಎಂಟನೆಯದರಲ್ಲಿ ಆಧಾರ ಸಾಕಷ್ಟಿದೆಯೇ, ಸಂಬಂಧವಿಲ್ಲದ್ದನ್ನು ನಡುವೆ ತುರುಕಿದ್ದಾರೆಯೇ ಎಂದು ಪರೀಕ್ಷಿಸಬೇಕು. ಹೆಜ್ಜೆಗಳು ಚಿಕ್ಕವು, ಕ್ರಮ ಸ್ಪಷ್ಟ. ಇಲ್ಲಿಗೆ ತಕ್ಕ ಹಾಗೆ ಇಂಥದೊಂದನ್ನು ಬರೆಯುವುದು ಕಷ್ಟವಲ್ಲ.

ಸಾಮಗ್ರಿ ಬೇಕಾದಷ್ಟಿದೆ. ಹಾಲಿಗೆ ಬೆರೆಸುವ ಪುಡಿಯ ಡಬ್ಬಿಯನ್ನೇ ತರಗತಿಗೆ ತರಬಹುದು. ಮಗು ಎತ್ತರ ಬೆಳೆಯುತ್ತದೆ, ಬುದ್ಧಿ ಚುರುಕಾಗುತ್ತದೆ ಎಂಬ ಮಾತು ಟಿವಿಯಲ್ಲಿ ಅಚ್ಚಗನ್ನಡದಲ್ಲಿ ಬರುತ್ತದೆ. 100 ಗ್ರಾಂ ಪುಡಿಯಲ್ಲಿ ಸಕ್ಕರೆ ಎಷ್ಟಿದೆ ಎಂಬುದು ಡಬ್ಬಿಯ ಹಿಂದೆ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಕೋಷ್ಟಕವನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದು, ದಿನಕ್ಕೆ ಎರಡು ಲೋಟ ಕುಡಿದರೆ ಎಷ್ಟು ಚಮಚ ಸಕ್ಕರೆಯಾಯಿತು ಎಂದು ಲೆಕ್ಕ ಹಾಕಿಸಿದರೆ ಗಣಿತವೂ ಆಯಿತು, ಕನ್ನಡವೂ ಆಯಿತು. ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯುವಂತೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಸೂಚಿಸಿತ್ತು.

ಮಾತು ಕನ್ನಡದಲ್ಲಿ, ಆಧಾರ ಇಂಗ್ಲಿಷಿನಲ್ಲಿ ಎಂಬ ಈ ಸ್ಥಿತಿ ಡಬ್ಬಿಗಷ್ಟೇ ಸೀಮಿತವಲ್ಲ. ನಾಸಾದ ಸ್ಪಷ್ಟನೆ, ಲಸಿಕೆಯ ಅಧ್ಯಯನ, ಸರ್ಕಾರದ ಎಷ್ಟೋ ಅಂಕಿಅಂಶ ಕನ್ನಡದ ಮಗುವಿನ ಕೈಗೆಟಕುವ ಭಾಷೆಯಲ್ಲಿ ಇಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ‘ಬಾಲ ಪ್ರಪಂಚ’ದ ಮೂರು ಸಂಪುಟ ಬರೆದು ಜಗತ್ತಿನ ತಿಳಿವಳಿಕೆಯನ್ನು ಕನ್ನಡದ ಮಕ್ಕಳ ಮುಂದಿಟ್ಟರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಅದೇ ದಾರಿಯಲ್ಲಿ ನಡೆಯಿತು. ಈಗ ಬೇಕಾದದ್ದು ಅದರ ಮುಂದಿನ ಹಂತ: ತಿಳಿವಳಿಕೆಯ ಜೊತೆಗೆ ಅದು ಹೇಗೆ ಗೊತ್ತಾಯಿತು, ಯಾರು ಅಳೆದರು, ಯಾರು ಒಪ್ಪಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳುವ ಬರಹ.

ಮಕ್ಕಳೇ ಆಧಾರ ಕಲೆಹಾಕಿ ವಾದ ಮಂಡಿಸುವ ವೇದಿಕೆಯೂ ಕರ್ನಾಟಕದಲ್ಲಿ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಬಸ್ಸು, ಕುಡಿಯುವ ನೀರಿನ ಬಗ್ಗೆ ಮಕ್ಕಳು ಅಹವಾಲು ಹೇಳುತ್ತಾರೆ. ‘ನಮ್ಮೂರಿಗೆ ಬಸ್ಸು ಸರಿಯಾಗಿ ಬರುವುದಿಲ್ಲ’ ಎನ್ನುವುದಕ್ಕೂ, ಒಂದು ತಿಂಗಳು ಬಸ್ಸು ಬಂದ ವೇಳೆಯನ್ನು ಬರೆದಿಟ್ಟು ಆ ಪಟ್ಟಿಯನ್ನು ಅಧ್ಯಕ್ಷರ ಕೈಗೆ ಕೊಡುವುದಕ್ಕೂ ಬಹಳ ಅಂತರ ಇದೆ. ತನ್ನ ಮಾತಿಗೆ ತಾನೇ ಆಧಾರ ಹುಡುಕಿದ ಮಗು ಬೇರೆಯವರ ಮಾತಿಗೂ ಆಧಾರ ಕೇಳುತ್ತದೆ.

ಇನ್ನು ಶಿಕ್ಷಣ ಇಲಾಖೆ ಮತ್ತು ಪಂಚಾಯತ್ ರಾಜ್ ಇಲಾಖೆ ಮಾಡಬಹುದಾದ ಕೆಲಸ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆತಂದಿದೆ. ಬಿಹಾರದಲ್ಲಿ ಗ್ರಂಥಾಲಯಗಳ ಮೂಲಕ ಆದದ್ದು ಇಲ್ಲಿ ಆಗದಿರಲು ಕಾರಣ ಕಾಣದು. ಒಂದೆರಡು ಜಿಲ್ಲೆಗಳ ಅರಿವು ಕೇಂದ್ರಗಳನ್ನು ಆರಿಸಿ, ಚೀಟಿ ಎತ್ತಿ ಅರ್ಧಕ್ಕೆ ಈ ಪಾಠ ಕೊಡಲಿ, ಉಳಿದರ್ಧದಲ್ಲಿ ಎಂದಿನ ಓದು ನಡೆಯಲಿ. ವರ್ಷದ ಕೊನೆಗೆ ಎರಡೂ ಕಡೆಯ ಮಕ್ಕಳನ್ನು ಒಂದೇ ಪರೀಕ್ಷೆಯಿಂದ ಅಳೆಯಲಿ. ಆಧಾರ ಕೇಳುವುದನ್ನು ಕಲಿಸುವ ಯೋಜನೆ ತನ್ನ ಆಧಾರವನ್ನೂ ತೋರಿಸಬೇಕು. ಫಲ ಕಂಡರೆ ಪಠ್ಯಕ್ರಮಕ್ಕೂ ಪ್ರಶ್ನೆಪತ್ರಿಕೆಗೂ ಸೇರಿಸಲಿ, ಕಾಣದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಲಿ. ಎರಡರಲ್ಲಿ ಯಾವುದೇ ಆದರೂ ಲೆಕ್ಕವನ್ನು ಕನ್ನಡದಲ್ಲೇ, ಶಿಕ್ಷಕರಿಗೂ ಹೆತ್ತವರಿಗೂ ಸಿಗುವಂತೆ ಪ್ರಕಟಿಸಲಿ.